ತಣ್ಣೀರಿಗೆ ಹಾಕಿದ ನೀಲಿ ಪ್ಯಾಂಟು

"ಅಜ್ಜಾ, ತಪ್ಪು ಮಾಡಿದವನಿಗೆ ನಾಲ್ಕು ಜನರ ಎದುರು ತಪ್ಪು ಎಂದು ಹೇಳಿದರೆ, ಹಾಗೆ ಹೇಳಿದ್ದೂ ಒಂದು ತಪ್ಪೇ?"

ಕೊಟ್ರಯ್ಯ ಹೀಗೆ ಕೇಳಿದಾಗ ಮಧ್ಯಾಹ್ನದ ಪಂಕ್ತಿ ಎದ್ದಿತ್ತು. ಬಳ್ಳಾರಿಯ ಗುಡ್ಡದ ಬುಡದಲ್ಲಿದ್ದ ಆ ಚಿಕ್ಕ ಮಠದ ಅಜ್ಜ ಪಡಸಾಲೆಯ ಕಂಬಕ್ಕೆ ಒರಗಿ ಮಂಡಕ್ಕಿ ತಿನ್ನುತ್ತಿದ್ದರು. ಬಾಯಲ್ಲಿ ಹಲ್ಲಿಲ್ಲ. ಒಂದೊಂದು ಹಿಡಿಯನ್ನೂ ಮಜ್ಜಿಗೆಯಲ್ಲಿ ನೆನೆಸಿ ನುಂಗಬೇಕು. ಆ ಹೊತ್ತಿನಲ್ಲಿ ಯಾರಾದರೂ ಪ್ರಶ್ನೆ ತಂದರೆ ಅವರಿಗೆ ಸಿಟ್ಟು ಬರುತ್ತಿತ್ತು.

"ಯಾರಿಗೆ ಏನಂದೆ, ಅದನ್ನು ಹೇಳು. ಪ್ರಶ್ನೆಗೂ ಧೋತರ ಉಡಿಸಿ ಕರೆದುಕೊಂಡು ಬರಬೇಡ."

ಅಜ್ಜ ಚುಚ್ಚಿದ್ದು ಕೊಟ್ರಯ್ಯನಿಗೆ ತಿಳಿಯಿತು. ಮಠದಲ್ಲಿ ಉಳಿಯಲು ಬಂದವರು ಪ್ಯಾಂಟು ಕಳಚಿ ಧೋತರ ಉಡಬೇಕು. ಇದು ಮಠದ ನಿಯಮ, ಇದನ್ನು ಕಾಯುವವನು ಅವನೇ. ಬಾಗಿಲ ಪಕ್ಕದ ಹಲಗೆಯ ಮೇಲೆ ಮಡಿಸಿದ ಧೋತರಗಳನ್ನು ಇಟ್ಟಿದ್ದ. ಬ್ಯಾಂಕಿನ ಮ್ಯಾನೇಜರು ಬಂದರೂ, ಪೊಲೀಸಿನವರು ಬಂದರೂ ಬಿಡುತ್ತಿರಲಿಲ್ಲ. ದಾಸೋಹದ ಉಸ್ತುವಾರಿಯೂ ಅವನದೇ. ಅಲ್ಲಿ ಅವನು ಇನ್ನೂ ಬಿಗಿ.

ಅವನು ನಡೆದದ್ದನ್ನು ಹೇಳಿದ.

ಸೋಮವಾರದ ಪಂಕ್ತಿಯಲ್ಲಿ ಮಾರೆಪ್ಪ ಸಾರು ಬಡಿಸುತ್ತಿದ್ದ. ಮಾರೆಪ್ಪ ಮಠದ ಹಳೆಯ ಆಳು. ಕೊಟ್ರಯ್ಯ ಮಠಕ್ಕೆ ಬರುವ ಮೊದಲಿನಿಂದಲೂ ಸಾರಿನ ಬಕೆಟ್ಟು ಅವನ ಕೈಯಲ್ಲೇ ಇತ್ತು. ಅಂದು ಆ ಕೈ ತಪ್ಪಿತು. ಒಬ್ಬ ಮುದುಕಿಯ ಎಲೆಯ ಪಕ್ಕದಲ್ಲಿ ಸಾರು ಚೆಲ್ಲಿತು. ಕೊಟ್ರಯ್ಯ ಹತ್ತಿರ ಹೋದ. ಹೆಂಡದ ವಾಸನೆ ಮೂಗಿಗೆ ಬಡಿಯಿತು. "ಬಾಯಿ ಊದು" ಎಂದ. ಪಂಕ್ತಿಯವರೆಲ್ಲ ತುತ್ತು ಕೈಯಲ್ಲೇ ಹಿಡಿದು ನೋಡಿದರು. ಮಾರೆಪ್ಪ ಊದಿದ. "ಶಿವನ ಪ್ರಸಾದ ಬಡಿಸುವ ಕೈಯೇನೋ ಇದು?" ಎಂದು ಕೊಟ್ರಯ್ಯ ಕೂಗಿದ. ಮಾರೆಪ್ಪ ಬಕೆಟ್ಟು ಕೆಳಗಿಟ್ಟ. ಹೆಗಲ ಮೇಲಿನ ವಸ್ತ್ರದಿಂದ ಚೆಲ್ಲಿದ ಸಾರನ್ನು ಒರೆಸಿದ. ಹೊರಟುಹೋದ. ಅಂದಿನಿಂದ ಬಂದಿಲ್ಲ.

"ಕುಡಿದದ್ದು ನಿಜ ತಾನೇ?"

"ನಿಜ ಅಜ್ಜಾ."

"ಹಿಂದೆ ಎಂದಾದರೂ ಕುಡಿದು ಬಂದಿದ್ದನೇ?"

"ನಾನು ಕಂಡಂತೆ ಇಲ್ಲ."

"ಯಾಕೆ ಕುಡಿದೆ ಅಂತ ಕೇಳಿದೆಯಾ?"

"ಇಲ್ಲ."

"ಅವನು ಎದುರು ಮಾತಾಡಿದನೇ?"

"ಇಲ್ಲ ಅಜ್ಜಾ. ಒಂದು ಸಲ ನನ್ನ ಮುಖ ನೋಡಿದ, ಅಷ್ಟೇ. ಇವತ್ತು ಬೇರೆ ಆಳನ್ನು ಗೊತ್ತು ಮಾಡೋಣ ಅಂತ ಇದ್ದೇನೆ. ನಿಮ್ಮ ಅಪ್ಪಣೆ ಬೇಕು. ನಾನು ಅಂದದ್ದರಲ್ಲಿ ಸುಳ್ಳಿಲ್ಲ. ಆದರೂ ಅವತ್ತಿನಿಂದ ಊಟ ಸೇರುತ್ತಿಲ್ಲ."

"ನಿನಗಿಂತ ನಿನ್ನ ಹೊಟ್ಟೆಗೆ ಬುದ್ಧಿ ಜಾಸ್ತಿ" ಎಂದರು ಅಜ್ಜ. ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಏನೋ, ನೀನು ಇಲ್ಲಿಗೆ ಬಂದಾಗ ಜೀನ್ಸ್ ಪ್ಯಾಂಟು ತೊಟ್ಟಿದ್ದೆಯಲ್ಲ, ಅದು ಇನ್ನೂ ಇದೆಯೇ?"

ಕೊಟ್ರಯ್ಯ ತಲೆ ತಗ್ಗಿಸಿದ. ಅವನು ಹೇಗೆ ಬಂದನೆಂಬುದನ್ನು ಯಾರಿಗೂ ಹೇಳಿರಲಿಲ್ಲ. ಅವನಿಗೂ ಪೂರ್ತಿ ನೆನಪಿರಲಿಲ್ಲ. ಕಣ್ಣು ಬಿಟ್ಟಾಗ ಇದೇ ಪಡಸಾಲೆಯಲ್ಲಿ ಮಲಗಿದ್ದ. ಮೈಮೇಲೆ ಧೋತರವಿತ್ತು. ಪ್ಯಾಂಟು ಹಿತ್ತಿಲ ಹಗ್ಗದ ಮೇಲೆ ಒಣಗುತ್ತಿತ್ತು. ಹಾಗೆ ಮಾಡುವುದು ಮಠದ ನಿಯಮ ಎಂದು ಗೊತ್ತಾದ ಮೇಲೆ ಅವನ ಜೀವಕ್ಕೆ ಸಮಾಧಾನವಾಗಿತ್ತು.

"ಪೆಟ್ಟಿಗೆಯಲ್ಲಿದೆ ಅಜ್ಜಾ."

"ಕಲೆಗಿಲೆ ಏನಾದರೂ?"

"ಒಂದೂ ಇಲ್ಲ. ಹೊಸದರ ಹಾಗೇ ಇದೆ."

"ಪುಣ್ಯವಂತನ ಪ್ಯಾಂಟು! ಕೂತುಕೋ. ಶರಣರ ಕತೆ, ಸಿದ್ಧರ ಕತೆ ಕೇಳಿ ಕೇಳಿ ನಿನ್ನ ಕಿವಿ ಮೊಂಡಾಗಿದೆ. ಇವತ್ತು ಪ್ಯಾಂಟಿನ ಕತೆ ಹೇಳುತ್ತೇನೆ."

ಅಜ್ಜ ಹೇಳತೊಡಗಿದರು.

ಇದೇ ಊರಿನಲ್ಲಿ ಗಾದಿಲಿಂಗ ಅಂತ ಒಬ್ಬನಿದ್ದ. ಅವನ ಕೆಲಸ ಪ್ಯಾಂಟು ಉಜ್ಜುವುದು. ನಗಬೇಡ. ನಮ್ಮ ಊರಿನ ಓಣಿ ಓಣಿಯಲ್ಲಿ ಜೀನ್ಸ್ ಹೊಲಿಯುತ್ತಾರೆ, ಹೊಲಿದದ್ದು ತೊಳೆಯುವ ಯೂನಿಟ್ಟಿಗೆ ಹೋಗುತ್ತದೆ. ಹೊಸ ಪ್ಯಾಂಟು ಕಡುನೀಲಿ. ಅದನ್ನು ಹಾಗೇ ಯಾರೂ ಕೊಳ್ಳುವುದಿಲ್ಲವಂತೆ. ತೊಡೆಯ ಮೇಲೆ, ಮೊಣಕಾಲ ಮೇಲೆ ಬಿಳಿಚಿರಬೇಕಂತೆ. ವರ್ಷಗಟ್ಟಲೆ ತೊಟ್ಟು ಸವೆದಂತೆ ಕಾಣಬೇಕಂತೆ. ಎಂಥ ಹುಚ್ಚು ನೋಡು! ತೊಡುವವನು ಸವೆಸಬೇಕಾದದ್ದನ್ನು ಗಾದಿಲಿಂಗ ಸವೆಸಿ ಕೊಡುತ್ತಿದ್ದ. ಪ್ಯಾಂಟನ್ನು ಹಲಗೆಗೆ ಏರಿಸಿ ಮರಳು ಮೆತ್ತಿದಂತೆ ಒರಟಾದ ಎಮರಿ ಪೇಪರಿನಿಂದ ಗಸಗಸ ಉಜ್ಜುವುದು. ಅವನ ಕೈ ಬಿದ್ದರೆ ನೀಲಿ ಅಷ್ಟೂ ಪುಡಿಯಾಗಿ ಉದುರುತ್ತಿತ್ತು. ಯೂನಿಟ್ಟಿನಲ್ಲಿ ಅವನಂಥ ಕೈ ಇನ್ನೊಂದಿರಲಿಲ್ಲ.

ಮನೆಯಲ್ಲಿ ಹೆಂಡತಿ ಹುಲಿಗೆಮ್ಮ. ಜೊತೆಗೆ ತಮ್ಮ ಎರ್ರಿಸ್ವಾಮಿ. ತಾಯಿ ತಂದೆ ಹೋದ ಮೇಲೆ ಆ ತಮ್ಮನನ್ನು ಗಂಡ ಹೆಂಡತಿ ಇಬ್ಬರೂ ಮಗನ ಹಾಗೆ ಸಾಕಿದ್ದರು. ಈಗ ಅವನು ಯೂನಿಟ್ಟಿನ ಮಾಲು ಸಾಗಿಸುವ ಆಟೋ ಓಡಿಸುತ್ತಿದ್ದ. ಗಾದಿಲಿಂಗ ಅವನಿಗೆ ಒಂದು ಪ್ಯಾಂಟು ಕೊಡಿಸಿದ್ದ, ಉಜ್ಜದೇ ಇದ್ದದ್ದು, ಅಪ್ಪಟ ನೀಲಿ. "ಇದರ ಮ್ಯಾಲೆ ನನ್ನ ಕೈ ಬಿದ್ದಿಲ್ಲ ನೋಡು, ಇದು ನಿನಗ" ಎಂದು ಕೊಟ್ಟಿದ್ದ. ಎರ್ರಿಸ್ವಾಮಿ ಹಬ್ಬಕ್ಕೆ, ಮದುವೆಗೆ ಮಾತ್ರ ಅದನ್ನು ತೊಡುತ್ತಿದ್ದ.

ಹುಲಿಗೆಮ್ಮ ಮನೆಯಲ್ಲೇ ಕೂತು, ಹೊಲಿದು ಬಂದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುತ್ತಿದ್ದಳು. ಕಲೆಯಾದ ಮಾಲನ್ನು ಯೂನಿಟ್ಟಿನವರು ವಾಪಸು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅವಳಿಗೆ ಕಲೆ ತೆಗೆಯುವ ವಿದ್ಯೆ ಗೊತ್ತಿತ್ತು. ಮಿಷಿನ್ನಿನ ಎಣ್ಣೆ ತಾಗಿದರೆ ಸೀಮೆಸುಣ್ಣ ಪುಡಿ ಮಾಡಿ ಉದುರಿಸಿ, ಅದು ಎಣ್ಣೆ ಹೀರುವ ತನಕ ಬಿಡುವುದು. ಆಮೇಲೆ ಪಾತ್ರೆ ತೊಳೆಯುವ ಸೋಪು. ಅರಿಶಿನ ತಾಗಿದರೆ ನಿಂಬೆಹಣ್ಣಿನ ರಸ, ಎಳೆಬಿಸಿಲು. ಪೆನ್ನಿನ ಶಾಯಿಗೆ ಕೈಗೆ ಹಚ್ಚುವ ಸ್ಯಾನಿಟೈಸರು, ಅದೂ ಅರಳೆಯಲ್ಲಿ ಅದ್ದಿ. ಏನು ಹಾಕುವುದಿದ್ದರೂ ಮೊದಲು ಯಾರಿಗೂ ಕಾಣದ ಒಳ ಅಂಚಿಗೆ ಒಂದು ಹನಿ ಹಾಕಿ ನೋಡುವುದು, ನೀಲಿ ಬಿಡುತ್ತದೋ ಏನೋ ಅಂತ. ಉಜ್ಜುವುದಿಲ್ಲ. ಪ್ಯಾಂಟನ್ನು ಒಳಮಗ್ಗುಲು ಮಾಡಿ, ಹಿಂದಿನಿಂದ ಮೆತ್ತಗೆ ಒತ್ತುವುದು.

"ಅಜ್ಜಾ, ಇದೆಲ್ಲ ನಿಮಗೆ ಹೇಗೆ..."

"ನಾನೇನು ತಾಯಿ ಹೊಟ್ಟೆಯಿಂದ ಕಾವಿ ಉಟ್ಟುಕೊಂಡು ಬಂದೆನೇನೋ? ಮಧ್ಯೆ ಬಾಯಿ ಹಾಕಬೇಡ."

ಒಂದು ಸಲ ಎರ್ರಿಸ್ವಾಮಿ ಗೆಳೆಯನ ಮದುವೆಗೆ ಹೋದ. ಅಲ್ಲಿ ಗೆಳೆಯರ ಜೊತೆ ಕುಡಿದ. ಕುಡಿದವನು ಸುಮ್ಮನಿರಬೇಡವೇ? ಹೆಣ್ಣಿನ ಕಡೆಯವರ ಜೊತೆ ಜಗಳಕ್ಕೆ ಬಿದ್ದ. ಯಾರೋ ಗುದ್ದಿದರು. ಮೂಗಿನಿಂದ ರಕ್ತ ಸುರಿಯಿತು, ಅಣ್ಣ ಕೊಟ್ಟ ಆ ನೀಲಿ ಪ್ಯಾಂಟಿನ ತೊಡೆಯ ಮೇಲೆ ಅಂಗೈ ಅಗಲ ಬಿತ್ತು. ಬೆಳಿಗ್ಗೆ ಮನೆಗೆ ಬಂದು ಲುಂಗಿ ಸುತ್ತಿಕೊಂಡು, ಪ್ಯಾಂಟನ್ನು ಮಡಿಲಲ್ಲಿ ಇಟ್ಟುಕೊಂಡು ಬಚ್ಚಲ ಕಲ್ಲಿನ ಮೇಲೆ ಕೂತ. ಯಾರ ಮುಖವನ್ನೂ ನೋಡಲಿಲ್ಲ. ತಪ್ಪು ಮಾಡಿದ್ದು ಅವನಿಗೆ ಗೊತ್ತಿತ್ತು ಕಣಯ್ಯಾ. ಅವನಿಗೆ ಹೇಳಿಕೊಡಬೇಕಾದದ್ದು ಏನೂ ಉಳಿದಿರಲಿಲ್ಲ.

ಹುಲಿಗೆಮ್ಮ ಬಕೆಟ್ಟಿಗೆ ತಣ್ಣೀರು ಸುರಿದಳು. ಉಪ್ಪಿನ ಡಬ್ಬಿ ತರಲು ಒಳಗೆ ಹೋದಳು. ಅಷ್ಟರಲ್ಲಿ ಗಾದಿಲಿಂಗ ಬಂದ.

ಅವನು ಚಹದ ಅಂಗಡಿಯಲ್ಲಿ ಎಲ್ಲವನ್ನೂ ಕೇಳಿಕೊಂಡು ಬಂದಿದ್ದ. ಒಳಗೆ ಬರುವ ತನಕ ತಡೆಯಲಿಲ್ಲ. ಓಣಿಯಲ್ಲೇ ಶುರು ಮಾಡಿದ.

"ಲೇ ಎರ್ರಿಸ್ವಾಮಿ! ಬಾರಲೇ ಹೊರಗ! ಊರೆಲ್ಲ ನೋಡ್ಲಿ ನಿನ್ನ ಮುಖ! ನಮ್ಮ ಮನಿತನದಾಗ ಕುಡಿದು ಬಿದ್ದೋರು ಯಾರದಾರಲೇ? ನಾನು ಒಂದಿನಾರ ಹಿಂಗ ಬಿದ್ದೀನೇನು?"

ಅಕ್ಕಪಕ್ಕದ ಮನೆಗಳ ಬಾಗಿಲು ತೆರೆದವು. ಎರ್ರಿಸ್ವಾಮಿ ತಲೆ ಎತ್ತಿದ. ಅಣ್ಣನನ್ನು ನೋಡಲಿಲ್ಲ, ಉಪ್ಪಿನ ಡಬ್ಬಿ ಹಿಡಿದು ನಿಂತಿದ್ದ ಅತ್ತಿಗೆಯನ್ನು ನೋಡಿದ. ಅವಳು ಅವನನ್ನು ನೋಡಿದಳು. ಮತ್ತೆ ತಲೆ ತಗ್ಗಿಸಿದ.

ಗಾದಿಲಿಂಗ ಪ್ಯಾಂಟನ್ನು ಕಿತ್ತುಕೊಂಡ. ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ತಂದ.

"ರಕ್ತಕ್ಕ ಬಿಸಿನೀರು ಹಾಕಬ್ಯಾಡ್ರಿ" ಅಂದಳು ಹುಲಿಗೆಮ್ಮ. "ಕಚ್ಕೊಂಡುಬಿಡ್ತೈತಿ. ತಣ್ಣೀರಾಗ ಉಪ್ಪು ಹಾಕಿ ನೆನೀಲಿ. ನೀರು ಕೆಂಪಾದಂಗ ಬದಲ್ಸೋಣ. ಕಡೀಕ ಚೂರು ಅಡಿಗಿ ಸೋಡಾ ಹಚ್ಚಿದ್ರ ಗುರ್ತು ಸೈತ ಇರೋದಿಲ್ಲ."

"ತಣ್ಣಗ ಇದ್ದೂ ಇದ್ದೂ ಅವನನ್ನ ಹಾಳು ಮಾಡಿದಾಕಿ ನೀನ! ಬಿಸಿ ಮುಟ್ಟಿದ್ರನ ಬುದ್ಧಿ ಬರೋದು."

ಸುರಿದೇಬಿಟ್ಟ. ಯೂನಿಟ್ಟಿನಲ್ಲಿ ಎಲ್ಲದಕ್ಕೂ ಬಿಸಿನೀರೇ ಮೊದಲು. ಅವನಿಗೆ ಗೊತ್ತಿದ್ದದ್ದು ಅದೇ. ರಕ್ತ ಕಂದು ಬಣ್ಣಕ್ಕೆ ತಿರುಗಿ ನೂಲಿನೊಳಗೆ ಕೂತುಬಿಟ್ಟಿತು. ಅವನು ನೋಡಿದ. ಇನ್ನೂ ಸಿಟ್ಟು ಬಂತು. ಯಾರ ಮೇಲೆ ಅಂತ ನನ್ನನ್ನು ಕೇಳಬೇಡ. ಸಿಟ್ಟು ಬಂದವನು ಅದನ್ನೆಲ್ಲ ನೋಡುವುದಿಲ್ಲ.

ಮರುದಿನ ಬ್ಲೀಚಿಂಗ್ ಪುಡಿ ಕಲಸಿ ಹಾಕಿದ. ಕಲೆಯ ಸುತ್ತಲಿನ ನೀಲಿ ಹೋಯಿತು. ಕಲೆ ಮಾತ್ರ ಹಾಗೇ ಉಳಿಯಿತು. ಈಗ ಅದು ದೂರದಿಂದಲೂ ಕಾಣುತ್ತಿತ್ತು. ಅವತ್ತೂ ಓಣಿಯವರೆದುರು ಬೈದ. ಚಹದ ಅಂಗಡಿಯಲ್ಲೂ ಹೇಳಿದ. ಯೂನಿಟ್ಟಿನಲ್ಲೂ ಹೇಳಿದ. "ನಾಲ್ಕು ಮಂದಿಗೆ ಗೊತ್ತಾದ್ರ ಮುಂದ ಕುಡಿಯಾಕ ಹೆದರ್ತಾನ" ಅನ್ನುತ್ತಿದ್ದ. ತಮ್ಮನ ಒಳ್ಳೆಯದಕ್ಕೇ ಹೇಳುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಪ್ರೀತಿ ಇಲ್ಲದವನು ಯಾರ ಮೇಲೂ ಅಷ್ಟು ಹೊತ್ತು ಕೂಗುವುದಿಲ್ಲ.

ಅದರ ಮಾರನೇ ದಿನ ಪ್ಯಾಂಟನ್ನು ಯೂನಿಟ್ಟಿಗೇ ಒಯ್ದ. ತನ್ನ ಹಲಗೆಗೆ ಏರಿಸಿದ. ಎಮರಿ ಪೇಪರು ಹಿಡಿದ. ಜೊತೆಯವರು ಸುತ್ತ ನಿಂತು ನೋಡಿದರು. ಗಸಗಸ ಉಜ್ಜಿದ. ಕಂದು ಹೋಯಿತು, ನೀಲಿ ಹೋಯಿತು, ಬಿಳಿ ನೂಲು ಎದ್ದಿತು. ಅವನ ಕೈಗೆ ನಿಲ್ಲಿಸುವುದು ಗೊತ್ತಿರಲಿಲ್ಲ. ನೂಲೂ ಹೋಯಿತು. ಅಂಗೈ ಅಗಲ ತೂತು ಬಿತ್ತು.

ಮನೆಗೆ ತಂದು ಓಣಿಯ ಹಗ್ಗದ ಮೇಲೆ ಹಾಕಿದ.

"ನೋಡಲೇ, ಹೋತು ಕಲೆ!"

ಎರ್ರಿಸ್ವಾಮಿ ಹೊರಗೆ ಬಂದು ನೋಡಿದ. ಅಷ್ಟು ದಿನದಲ್ಲಿ ಅವನು ಆಡಿದ್ದು ಅದೊಂದೇ ಮಾತು.

"ಹೌದಣ್ಣ. ಕಲೆ ಹಿಡ್ಕೊಳ್ಳಾಕ ಬಟ್ಟಿನೂ ಉಳೀಲಿಲ್ಲ."

ಅವತ್ತು ಸಂಜೆಯೇ ಅವನು ಬಟ್ಟೆ ಕಟ್ಟಿಕೊಂಡ. ರಾಯದುರ್ಗದಲ್ಲೂ ಜೀನ್ಸ್ ಯೂನಿಟ್ಟುಗಳಿವೆ. ಅಲ್ಲಿಗೆ ಹೋಗುತ್ತೇನೆಂದು ಅತ್ತಿಗೆಗೆ ಮಾತ್ರ ಹೇಳಿದ. "ಅಲ್ಲಿ ನನ್ನ ಸುದ್ದಿ ಯಾರಿಗೂ ಗೊತ್ತಿಲ್ಲ ಅತ್ತಿಗಿ. ಇಲ್ಲಿ ಆಟೋ ನಿಲ್ಲಿಸಿದಲ್ಲೆಲ್ಲ ಮಂದಿ ನನ್ನ ಬಾಯಿ ಮೂಸಿ ನೋಡ್ತಾರ." ಅವಳ ಕಾಲು ಮುಟ್ಟಿ ಹೊರಟ. ಅವಳು ತಡೆಯಲಿಲ್ಲ. ತಡೆದರೆ ಯಾವ ಮುಖದಿಂದ ನಿಲ್ಲಿಸಿಕೊಳ್ಳಬೇಕು?

ಇಲ್ಲಿ ಅಜ್ಜ ಮಾತು ನಿಲ್ಲಿಸಿ ಮಜ್ಜಿಗೆ ಕುಡಿದರು. ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು. ಕೊಟ್ರಯ್ಯ ನೆಲ ನೋಡುತ್ತಿದ್ದ. "ಬಾಯಿ ಮೂಸಿ" ಎಂಬ ಮಾತು ಅವನಿಗೆ ತಾಗಿತ್ತು. ಅಜ್ಜ ಅದನ್ನು ಕಂಡೂ ಕಾಣದವರಂತೆ ಮುಂದುವರಿದರು.

ಗಾದಿಲಿಂಗ ಕೆಲಸದಿಂದ ಬಂದಾಗ ತಮ್ಮನ ಗೂಟ ಬರಿದಾಗಿತ್ತು. ಒಂದು ಅಂಗಿಯೂ ಇಲ್ಲ. "ಎಲ್ಲಿ ಹೋದ?" ಅಂದ. ಹುಲಿಗೆಮ್ಮ ಟ್ರಂಕು ತೆರೆದು ಒಂದು ಹಳೇ ಪ್ಯಾಂಟು ತೆಗೆದು ಅವನ ಕೈಗೆ ಹಾಕಿದಳು. ಅದು ಅವನದೇ, ಮದುವೆಯಾದ ಹೊಸದರಲ್ಲಿ ತೊಡುತ್ತಿದ್ದದ್ದು. ನೀಲಿ ಇನ್ನೂ ಹಾಗೇ ಇತ್ತು.

"ಇದರಾಗ ಕಲೆ ಎಲ್ಲೈತಿ, ಹುಡುಕ್ರಿ."

ಅವನು ಬೆಳಕಿಗೆ ಹಿಡಿದ. ತಿರುಗಿಸಿದ, ಒಳಮಗ್ಗುಲು ಮಾಡಿ ನೋಡಿದ. ಬಟ್ಟೆಯ ಮೇಲೆ ಬದುಕಿದ ಕಣ್ಣು ಅವನದು. ಏನೂ ಸಿಗಲಿಲ್ಲ.

"ಯಾವ ಕಲೆ? ಇದರಾಗ ಕಲೆನ ಇಲ್ಲ."

"ನಿಮ್ಮ ಮೊಣಕಾಲ ಮ್ಯಾಲೆ ಗಾಯದ ಗುರ್ತು ಐತೆಲ್ಲ, ಅದು ಹೆಂಗಾತು?"

"ನಿನ್ನ ತವರುಮನಿಗೆ ಹೋದಾಗ ಸೈಕಲ್ ಮ್ಯಾಲಿಂದ ಬಿದ್ದಿದ್ನೆಲ್ಲ. ನಿಮ್ಮ ಮನ್ಯಾಗ ಎಲ್ಲಾರೂ ಹಂಗ ಹೇಳಿದ್ರೆಲ್ಲ."

"ನೀವು ಸೈಕಲ್ ಹತ್ತೇ ಇಲ್ಲ" ಅಂದಳು ಹುಲಿಗೆಮ್ಮ. "ನನ್ನ ಕಾಕನ ಮಕ್ಕಳ ಜೊತಿ ಕುಡಿದು ನಮ್ಮ ಬಾವಿ ಕಟ್ಟಿ ಮ್ಯಾಲೆ ಬಿದ್ರಿ. ಮೊಣಕಾಲು ಒಡೆದು ಪ್ಯಾಂಟೆಲ್ಲ ರಕ್ತ. ನಮ್ಮ ಅಪ್ಪ ಏಳೋ ಹೊತ್ತು. ನಿಮ್ಮ ತಮ್ಮ ಆಗ ನನ್ನ ಸೊಂಟದೆತ್ತರ ಇದ್ದ. ಅವ ನೋಡಿ ಓಡಿ ಬಂದು ನನ್ನ ಎಬ್ಬಿಸಿದ. ಎರಡೂ ಕೈಯಾಗ ಉಪ್ಪಿನ ಡಬ್ಬಿ ಹೊತ್ಕೊಂಡು ಬಂದ. ಅಣ್ಣ ಎದ್ದು ನೋಡಿದ್ರ ನಾಚ್ಕೋತಾನ ಅತ್ತಿಗಿ, ಅವ ಏಳೋದ್ರಾಗ ತೊಳೆದುಬಿಡು ಅಂದ. ಆಮ್ಯಾಲೆ ಬಾಗಲದಾಗ ನಿಂತು, ಬಂದ ಬಂದೋರಿಗೆಲ್ಲ, ನಮ್ಮಣ್ಣ ಸೈಕಲ್ ಮ್ಯಾಲಿಂದ ಬಿದ್ದಾನ ಅಂತ ಹೇಳಿದೋನೂ ಅವನ. ಅವನು ಹೇಳಿದ್ದನ್ನ ನಾವೂ ಹೇಳಿದ್ವಿ. ನೀವೂ ನಂಬಿದ್ರಿ."

ಗಾದಿಲಿಂಗ ಮೊಣಕಾಲು ಹಿಡಿದುಕೊಂಡು ಕೂತ. ಅಂದು ಒಂದು ಲೋಟ ಕುಡಿದದ್ದು ನೆನಪಿತ್ತು. ಆಮೇಲಿನದು ಅವನಿಗೆ ಎಂದೂ ನೆನಪಾಗಿರಲಿಲ್ಲ.

"ಅವನಿಗೆ ಇದು ನೆನಪೈತಾ?"

"ಐತಿ."

"ಮತ್ತ ನಾನು ಓಣ್ಯಾಗ ಅಷ್ಟು ಅಂದಾಗ ಯಾಕ ಸುಮ್ಮನಿದ್ದ? ಒಂದು ಮಾತು ಅಂದಿದ್ರ ನನ್ನ ಬಾಯಿ ಮುಚ್ತಿತ್ತಲ್ಲ!"

"ಅದಕ್ಕ ಅನ್ನಲಿಲ್ಲ" ಅಂದಳು ಅವಳು. "ನಾನೂ ಸಾಯೋತನಕ ಅಂತಿರಲಿಲ್ಲ. ಅವ ಹೋಗ್ಯಾನಂತ ಅಂದೆ."

ಗಾದಿಲಿಂಗ ಎದ್ದ. ಆ ಹಳೇ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದ. ಚಪ್ಪಲಿ ಮೆಟ್ಟಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ರಾಯದುರ್ಗದ ಬಸ್ಸು ಮುಖ ತಿರುಗಿಸಿ ನಿಂತಿತ್ತು. ಇಂಜಿನ್ ಶುರುವಾಗಿತ್ತು. ಕಿಟಕಿ ಕಿಟಕಿ ನೋಡುತ್ತ ಬಂದ. ಕೊನೆಯ ಕಿಟಕಿಯ ಹತ್ತಿರ ತಮ್ಮ ಕೂತಿದ್ದ.

ಗಾದಿಲಿಂಗ ಪ್ಯಾಂಟನ್ನು ಎತ್ತಿ ಕಿಟಕಿಗೆ ಹಿಡಿದ. ಎರ್ರಿಸ್ವಾಮಿ ನೋಡಿದ, ಗುರುತು ಹಿಡಿದ. ಮುಂದಿನ ಸೀಟಿನವರು, ಹಿಂದಿನ ಸೀಟಿನವರು, ಕಂಡಕ್ಟರು, ಎಲ್ಲರೂ ನೋಡುತ್ತಿದ್ದರು.

"ನಾನು ಸೈಕಲ್ ಮ್ಯಾಲಿಂದ ಬಿದ್ದಿರಲಿಲ್ಲ, ಅಲ್ಲೇನೋ?" ಅಂದ ಗಾದಿಲಿಂಗ.

ಎರ್ರಿಸ್ವಾಮಿ ಸುತ್ತ ಕೂತವರನ್ನು ಒಮ್ಮೆ ನೋಡಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ.

"ಬಿದ್ದಿದ್ದೆಲ್ಲಣ್ಣ. ಸೈಕಲ್ ಮ್ಯಾಲಿಂದನ ಬಿದ್ದಿದ್ದಿ. ನಾನು ಕಣ್ಣಾರೆ ನೋಡೀನಿ."

ಇಲ್ಲಿ ಅಜ್ಜ ನಾಚದೆ ಕಣ್ಣು ಒರೆಸಿಕೊಂಡರು. ಮತ್ತೆ ಮುಂದುವರಿಸಿದರು.

ಗಾದಿಲಿಂಗ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತು ಹೋ ಎಂದು ಅತ್ತ. ಅಷ್ಟು ದೊಡ್ಡ ಗಂಡಸು, ಎಲ್ಲರೆದುರು. ಕಂಡಕ್ಟರು, "ಹತ್ತೋದಿದ್ರ ಹತ್ರಿ, ಇಳಿಯೋದಿದ್ರ ಇಳೀರಿ, ಬಸ್ ತಡಾ ಆಗ್ತೈತಿ" ಅಂದ. ಎರ್ರಿಸ್ವಾಮಿ ಗಂಟು ತೆಗೆದುಕೊಂಡು ಇಳಿದ. ಅಣ್ಣನ ರೆಟ್ಟೆ ಹಿಡಿದು ಎಬ್ಬಿಸಿದ. "ಬರಿಗಾಲಾಗ ಬಂದೀಯೇನೋ ಹುಚ್ಚಪ್ಪ" ಅಂದು ತನ್ನ ಚಪ್ಪಲಿಯನ್ನು ಬಿಟ್ಟುಕೊಟ್ಟ.

ಆ ಪ್ಯಾಂಟು ಸರಿಹೋಯಿತೇ ಅಂತ ಕೇಳು. ಹೋಗಲಿಲ್ಲ. ಹುಲಿಗೆಮ್ಮ ತೂತಿಗೆ ತೇಪೆ ಹಾಕಿದಳು. ಆ ತೇಪೆ ಇಂದಿಗೂ ಎದ್ದು ಕಾಣುತ್ತದೆ. ಯಾವ ಅಂಗಡಿಯ ಯಾವ ಪುಡಿಗೂ ಹೋದ ನೀಲಿಯನ್ನು ವಾಪಸು ತರಲು ಬರುವುದಿಲ್ಲ. ಆದರೆ ತಮ್ಮ ವಾಪಸು ಬಂದ. ಗಾದಿಲಿಂಗನ ದೈವ ದೊಡ್ಡದು, ಬಸ್ಸು ಇನ್ನೂ ಹೊರಟಿರಲಿಲ್ಲ.

ಅಜ್ಜ ಕತೆ ಮುಗಿಸಿದರು. ಹಿತ್ತಿಲಲ್ಲಿ ಯಾರೋ ಪಂಕ್ತಿಯ ಪಾತ್ರೆ ತೊಳೆಯುತ್ತಿದ್ದರು. ಕೊಟ್ರಯ್ಯನ ಮನಸ್ಸು ಮೆತ್ತಗಾಗಿತ್ತು, ಆದರೆ ಸೋಲಲು ಇಷ್ಟವಿರಲಿಲ್ಲ.

"ಕತೆ ಚೆನ್ನಾಗಿದೆ ಅಜ್ಜಾ. ಆ ತಮ್ಮ ಅಣ್ಣನ ಮಾನ ಕಾಯ್ದಿದ್ದ. ಅದಕ್ಕೆ ಅಣ್ಣ ಓಡಿಹೋದ. ಆದರೆ ಮಾರೆಪ್ಪ ನನಗೆ ಅಣ್ಣನಲ್ಲ, ತಮ್ಮನಲ್ಲ. ಸಾರು ಬಡಿಸುವವನು. ಅವನು ನನಗಾಗಿ ಎಂದೂ ಏನನ್ನೂ ಮುಚ್ಚಿಟ್ಟಿಲ್ಲ. ನಾನು ಕೇಳಿದ್ದು ನಿಯಮದ ಮಾತು. ನಿಯಮ ಮುರಿದವನನ್ನು ಸುಮ್ಮನೆ ಬಿಟ್ಟರೆ ಮಠ ನಡೆಯುತ್ತದೆಯೇ?"

ಅಜ್ಜ ಬಾಗಿಲ ಪಕ್ಕದ ಹಲಗೆಯ ಕಡೆಗೆ ನೋಡಿದರು. ಅಲ್ಲಿ ಕೊಟ್ರಯ್ಯ ಬೆಳಿಗ್ಗೆಯಷ್ಟೇ ಮಡಿಸಿಟ್ಟ ಧೋತರಗಳಿದ್ದವು. ಆಮೇಲೆ ಶಿಷ್ಯನ ಹೆಗಲ ಮೇಲೆ ಕೈಯಿಟ್ಟರು.

"ಬಂದವರು ಪ್ಯಾಂಟು ಕಳಚಿ ಧೋತರ ಉಡಬೇಕೆಂಬ ನಿಯಮ ಈ ಮಠದಲ್ಲಿ ಎಂದೂ ಇರಲಿಲ್ಲ, ಕೊಟ್ರಯ್ಯ, ನೀನು ಕುಡಿದು ಬಾಗಿಲಲ್ಲಿ ಬಿದ್ದಿದ್ದ ದಿನ, ನಿನ್ನ ಪ್ಯಾಂಟನ್ನು ತಣ್ಣೀರಿಗೆ ಹಾಕಿ ಬಂದು, ಮಾರೆಪ್ಪ ಆ ನಿಯಮವನ್ನು ಹುಟ್ಟಿಸಿದ."